ಒಂದು ಗಂಟೆಯ ಹಾಡು

ನಮ್ಮೂರಲ್ಲಿ ಕೆಲಸವಿಲ್ಲದ ಹೆಂಗಸು ಒಬ್ಬಳೂ ಇಲ್ಲ. ಇದು ನನ್ನ ಮಾತಲ್ಲ, ಸರ್ಕಾರದ ಮಾತು. ಕಳೆದ ವರ್ಷದ ಎಣಿಕೆಯಲ್ಲಿ ಊರಿನ ಮೂವತ್ತೆಂಟು ಹೆಂಗಸರೂ ಸೇವಾ ವಲಯದ ಉದ್ಯೋಗಿಗಳು ಎಂದು ಬರೆದಿದೆ. ವಸೆಮಾದಾ ಅತ್ತೆಗೆ ಅರವತ್ತೆಂಟು ವರ್ಷ. ಬಾಯಲ್ಲಿ ಉಳಿದಿರುವ ಹಲ್ಲು ನಾಲ್ಕು. ಅವಳೂ ಸೇವಾ ವಲಯ. ಇದನ್ನು ಓದಿ ಹೇಳಿದಾಗ ಅವಳು, "ನಾಕು ಹಲ್ಲೂ ವಲಯದೊಳಗೇ ಇವೆಯೋ, ಒಂದೆರಡು ಹೊರಗಿವೆಯೋ ಕೇಳು," ಎಂದಳು.

ನಾನು ಉನಾಯ್ಸಿ. ರೆಸಾರ್ಟಿನಲ್ಲಿ ಕೋಣೆ ತೊಳೆಯುವವಳು. ರೆಸಾರ್ಟ್ ಇರುವುದು ನಮ್ಮೂರಿನದೇ ನೆಲದಲ್ಲಿ, ರಸ್ತೆಯ ಆ ಕಡೆ, ಸಮುದ್ರದ ಬದಿಗೆ. ತೊಂಬತ್ತೊಂಬತ್ತು ವರ್ಷದ ಗುತ್ತಿಗೆ. ನನ್ನ ಅಜ್ಜ ಏಡಿ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಈಜುಕೊಳ ಇದೆ. ಸಮುದ್ರದ ಪಕ್ಕದಲ್ಲಿ ಈಜುಕೊಳ ಯಾಕೆ ಎಂದು ಅಜ್ಜ ಸಾಯುವ ತನಕ ಕೇಳಿದ. 

ಒಂದು ಕೋಣೆಗೆ ಇಪ್ಪತ್ತೈದು ನಿಮಿಷ. ದಿನಕ್ಕೆ ಹದಿನಾಲ್ಕು ಕೋಣೆ. ಹಾಸಿಗೆಯ ನಾಲ್ಕು ಮೂಲೆ ಎತ್ತಬೇಕು, ಅದು ಸತ್ತ ಹಂದಿಯಷ್ಟು ಭಾರ. ಸ್ನಾನದ ಮನೆಯಲ್ಲಿ ನೀರು ಹೋಗುವ ತೂತಿನಿಂದ ಮರಳನ್ನೂ ಕೂದಲನ್ನೂ ಬೆರಳಲ್ಲೇ ತೆಗೆಯಬೇಕು. ಬ್ಲೀಚಿನಿಂದ ನನ್ನ ಬೆರಳ ತುದಿಗಳು ನುಣ್ಣಗಾಗಿವೆ. ಮೊನ್ನೆ ಬ್ಯಾಂಕಿನ ಯಂತ್ರ ನನ್ನ ಹೆಬ್ಬೆರಳನ್ನು ಗುರುತಿಸಲಿಲ್ಲ. ಇಷ್ಟೆಲ್ಲ ಆದ ಮೇಲೆ ಟವೆಲ್ ಮಡಚಿ ಹಂಸ ಮಾಡಿ ಹಾಸಿಗೆಯ ಮೇಲೆ ಕೂರಿಸಬೇಕು. ನಮ್ಮ ದ್ವೀಪದಲ್ಲಿ ಹಂಸ ಇಲ್ಲ. ನಾನು ಹಂಸ ಕಂಡವಳಲ್ಲ. ಆದರೂ ಹನ್ನೆರಡು ವರ್ಷದಲ್ಲಿ ನನ್ನಷ್ಟು ಹಂಸ ಹೆತ್ತವಳು ಈ ಸಮುದ್ರದಲ್ಲೇ ಇರಲಾರಳು.

ಕೆಲಸದವರು ಒಳಹೋಗುವ ಹಿಂದಿನ ಓಣಿಯಲ್ಲಿ ಒಂದು ಕನ್ನಡಿ ಇದೆ. ಅದರ ಮೇಲೆ ಬರೆದಿದೆ: ನಕ್ಕಿರಾ? ಕಿವಿಯ ಮೇಲೆ ಹೂವು ಇದೆಯಾ? ಮ್ಯಾನೇಜರ್ ಲಾಕ್ಲನ್ ಬ್ರಿಸ್ಬೇನಿನವನು. ಬಂದ ಮೊದಲ ವಾರವೇ ನಮ್ಮನ್ನು ಸಾಲಾಗಿ ನಿಲ್ಲಿಸಿ 'ಬುಲಾ' ಎನ್ನುವುದನ್ನು ಕಲಿಸಿದ. ನಮ್ಮ ನಮಸ್ಕಾರವನ್ನು ನಮಗೇ. "ಹೊಟ್ಟೆಯಿಂದ ಬರಬೇಕು, ಹೊಟ್ಟೆಯಿಂದ!" ಎಂದ. ವಸೆಮಾದಾ ಅತ್ತೆಗೆ ಹೊಟ್ಟೆಯಿಂದ ಬೇರೆಯೇ ಏನೋ ಬಂತು. ಸಾಲು ಬಿದ್ದು ಬಿದ್ದು ನಕ್ಕಿತು. ಅವತ್ತೊಂದು ದಿನ ಎಲ್ಲರ ನಗುವೂ ನಿಜವಾದದ್ದು.

ಮೊದಲು ವಾರಕ್ಕೆ ಆರು ದಿನ ಕೆಲಸವಿತ್ತು. ಹೋದ ವರ್ಷ ಕರೆ ಪದ್ಧತಿ ಬಂತು. ಬೆಳಿಗ್ಗೆ ಆರಕ್ಕೆ ದೀವಿಹಲಸಿನ ಮರದ ಕೆಳಗೆ ವ್ಯಾನ್ ಬರುತ್ತದೆ. ಚಾಲಕ ರುಸಿಯಾಟೆ ನನ್ನ ಚಿಕ್ಕಪ್ಪನ ಮಗ. ಅವನು ಒಂಬತ್ತು ಹೆಸರು ಕೂಗುತ್ತಾನೆ. ಒಂಬತ್ತು ಜನ ಹತ್ತುತ್ತಾರೆ. ಉಳಿದವರು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಕಿವಿಯ ಹೂವಿನ ಸಮೇತ, ಮರಗೆಣಸು ಬೇಯಿಸಲು ಮನೆಗೆ ಹೋಗುತ್ತಾರೆ. ಹೂವನ್ನು ಕಿತ್ತು ಬಿಸಾಡುವುದಿಲ್ಲ. ನಾಳೆಗೂ ಆಗುತ್ತದೆ.

ಗುರುವಾರ ಮಾತ್ರ ಮೂವತ್ತೆಂಟೂ ಹೆಸರು ಕೂಗುತ್ತಾರೆ. ಮಧ್ಯಾಹ್ನ ಎರಡಕ್ಕೆ ನಾಂದಿ ವಿಮಾನ ನಿಲ್ದಾಣದಿಂದ ದೊಡ್ಡ ಬಸ್ಸುಗಳು ಬರುತ್ತವೆ. ಒಂಬತ್ತೇ ಹೆಂಗಸರು ನಿಂತು ಸ್ವಾಗತದ ಹಾಡು ಹಾಡಿದರೆ ಫೋಟೋದಲ್ಲಿ ಬಡತನ ಕಾಣುತ್ತದಂತೆ. ಮೂವತ್ತೆಂಟು ಜನ ಹಾಡಿದರೆ ಸಂಸ್ಕೃತಿ ಕಾಣುತ್ತದೆ. ಒಂದು ಗಂಟೆ ಹಾಡು. ಒಂದು ಗಂಟೆ ಕೂಲಿ. ನನ್ನ ಹೆಸರು ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಕೋಣೆಯ ಕೆಲಸಕ್ಕೆ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಎರಡು ತಿಂಗಳಿಂದ ನನಗೆ ಆ ಒಂದು ಗಂಟೆ ಬಿಟ್ಟರೆ ಬೇರೆ ಕೆಲಸವಿಲ್ಲ.

ಅದಕ್ಕೇ ನನ್ನ ಸಮವಸ್ತ್ರದ ಜೇಬಿನಲ್ಲಿ ಒಂದು ಕಾಗದ ಇತ್ತು. ಆಸ್ಟ್ರೇಲಿಯಾದಲ್ಲಿ ಒಂಬತ್ತು ತಿಂಗಳು ಬೆರ್ರಿ ಹಣ್ಣು ಕೀಳುವ ಕೆಲಸ. ಸೋಮವಾರ ಸಂಜೆಯೊಳಗೆ ಸಹಿ ಹಾಕಿ ಕೊಡಬೇಕು. ನನ್ನ ಮಗಳು ಲೈಸಾಗೆ ಆರು ವರ್ಷ. ಅವಳ ಅಪ್ಪ ಎಲ್ಲಿದ್ದಾನೆಂದು ಅವನಿಗೇ ಗೊತ್ತಿಲ್ಲ. ಕಾಗದದಲ್ಲಿ ಮಕ್ಕಳಿಗೆ ಜಾಗವಿಲ್ಲ. ಲೈಸಾ ಕೇಳಿದ್ದು ಒಂದೇ: "ಒಂಬತ್ತು ತಿಂಗಳು ಅಂದ್ರೆ ಎಷ್ಟು ಭಾನುವಾರ?" ನಾನು ಎಣಿಸಿ ಹೇಳಲಿಲ್ಲ.

ಇನ್ನೊಂದು ದಾರಿಯೂ ಇತ್ತು. ರಾಜಧಾನಿ ಸುವಾದಲ್ಲಿ ಕೂಲಿ ಮಂಡಳಿ ಕೂರುವುದಿತ್ತು. ಹೋಟೆಲಿನವರು ಪ್ರತಿಯೊಬ್ಬರಿಗೂ ವಾರಕ್ಕೆ ಇಪ್ಪತ್ತು ಗಂಟೆಯಾದರೂ ಕೆಲಸ ಕೊಡಲೇಬೇಕು ಎಂಬ ನಿಯಮ ಮಾಡುವುದೋ ಬೇಡವೋ ಎಂಬುದು ಅಲ್ಲಿನ ಚರ್ಚೆ. ಆ ನಿಯಮ ಬಂದರೆ ನಾನು ಎಲ್ಲಿಗೂ ಹೋಗಬೇಕಿಲ್ಲ. ಹೋಟೆಲಿನವರ ಉತ್ತರ ಸಿದ್ಧವಾಗಿತ್ತು: ಕರಾವಳಿಯಲ್ಲಿ ಎಲ್ಲರಿಗೂ ಕೆಲಸವಿದೆ, ಕೂಲಿಯೂ ಏರುತ್ತಿದೆ, ನಿಯಮ ಯಾಕೆ? ಸಾಕ್ಷಿಗೆ ಎಣಿಕೆಯ ಪಟ್ಟಿ. ಆ ಪಟ್ಟಿಗೆ ಆರಿಸಿದ ಊರುಗಳಲ್ಲಿ ನಮ್ಮದೂ ಒಂದು.

ಕಳೆದ ವರ್ಷ ಪಟ್ಟಿ ಹಾಗಾಗಲು ಕಾರಣ ನಾವೇ. ಎಣಿಸಲು ಬಂದ ಧರ್ಮೇಶ್ ಸಭ್ಯ ಮನುಷ್ಯ. ಕಬ್ಬಿನ ಸೀಮೆಯವನು. ಬರುವಾಗ ಪದ್ಧತಿಯಂತೆ ಯಂಗೋನದ ಬೇರು, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವಂಥದ್ದು, ತಂದು ಮುಖ್ಯಸ್ಥ ಅಪಿಸಾಯ್ ಮುಂದೆ ಇಟ್ಟ. ಬೇರು ತಂದವನು ಅತಿಥಿ. ಅತಿಥಿಗೆ ಹುಳಿ ಮಾತು ಹೇಳಬಾರದು. ಚಾಪೆಯ ಮುಂದೆ ಗಂಡಸರು, ಹಿಂದೆ ನಾವು. ಕಳೆದ ವಾರ ಎಲ್ಲರಿಗೂ ಕೆಲಸವಿತ್ತೇ ಎಂದು ಅವನು ಕೇಳಿದ. ಅಪಿಸಾಯ್ ನಮ್ಮೆಲ್ಲರ ಪರವಾಗಿ, "ಓಹೋ, ಎಲ್ಲರಿಗೂ," ಎಂದ. ನಾವು ತಲೆಯಾಡಿಸಿದೆವು. ಧರ್ಮೇಶ್ ಬರೆದುಕೊಂಡ. ಮೂರು ಸುತ್ತು ಕುಡಿದು ಹೋದ. ಹೀಗೆ ನಾವು ದೇಶದ ಅತ್ಯಂತ ಉದ್ಯೋಗವಂತ ಊರಾದೆವು.

ಈ ವರ್ಷ ಧರ್ಮೇಶ್ ಎರಡು ವಾರ ಮೊದಲೇ ಬಂದ, ಮನೆಗಳ ಗುರುತು ಹಾಕಿಕೊಳ್ಳಲು. ಹೊರಡುವಾಗ ಅವನ ಕಾರಿನ ಚಕ್ರ ಪಂಕ್ಚರ್ ಆಯಿತು. ನಾನು ಮನೆಗೆ ಕರೆದು ತೆಂಗಿನಹಾಲಿನ ಮೀನು, ಮರಗೆಣಸು ಬಡಿಸಿದೆ. ವಸೆಮಾದಾ ಅತ್ತೆ ಎದುರಿಗೆ ಕೂತಳು. ಅವಳು ಎದುರಿಗೆ ಕೂತರೆ ಪೊಲೀಸರೂ ತಪ್ಪೊಪ್ಪಿಕೊಳ್ಳುತ್ತಾರೆ.

"ಏನಪ್ಪಾ ಧರ್ಮೇಶ, ನಾನು ಹೆಂಗೋ ಉದ್ಯೋಗಿ?"

"ವಾರದಲ್ಲಿ ಒಂದು ಗಂಟೆ ಕೂಲಿಗೆ ದುಡಿದಿದ್ರೂ ಉದ್ಯೋಗಿನೇ ಅತ್ತೆ. ಅದು ನಿಯಮ. ಪ್ರಪಂಚದಲ್ಲೆಲ್ಲ ಹಂಗೇ."

"ಒಂದು ಗಂಟೆ?"

"ಒಂದು ಗಂಟೆ."

"ಹಂಗಾದ್ರೆ ವಾರಕ್ಕೊಂದು ಗಂಟೆ ಮನೆಗೆ ಬರೋನನ್ನ ಗಂಡ ಅಂತ ಬರ್ಕೋತೀರೇನೋ?"

ಧರ್ಮೇಶನಿಗೆ ಮೀನಿನ ಮುಳ್ಳು ಸಿಕ್ಕಿಕೊಂಡಿತು. ನಾನು ಬೆನ್ನು ಗುದ್ದಿದೆ.

ಕೂಲಿ ಏರಿದ್ದರ ಬಗ್ಗೆ ನಾನು ಕೇಳಿದೆ. ಕನ್ನಡಿಯ ಪಕ್ಕ ಲಾಕ್ಲನ್ ಒಂದು ಚೀಟಿ ಅಂಟಿಸಿದ್ದ: ನಮ್ಮಲ್ಲಿ ಗಂಟೆಯ ಸರಾಸರಿ ಕೂಲಿ ನೂರಕ್ಕೆ ಹನ್ನೊಂದು ಏರಿದೆ. ನಾವು ಮೂವತ್ತೆಂಟು ಜನವೂ ಒಬ್ಬರ ಮುಖ ಒಬ್ಬರು ನೋಡಿದ್ದೆವು. ಏರಿದ್ದು ಯಾರದ್ದು?

"ಯಾರದ್ದೂ ಏರಿಲ್ಲ ಅಕ್ಕ," ಎಂದ ಧರ್ಮೇಶ್. "ಶಾಲೆ ಫೋಟೋದಿಂದ ಕುಳ್ಳ ಮಕ್ಕಳನ್ನ ಆಚೆ ಕಳ್ಸಿದ್ರೆ ತರಗತಿ ಎತ್ತರ ಆಗತ್ತಲ್ಲ, ಹಂಗೆ. ಕಡಿಮೆ ಕೂಲಿಯೋರ ಗಂಟೆ ಕಿತ್ಕೊಂಡ್ರು. ಉಳಿದಿದ್ದು ಬಾಣಸಿಗರು, ಮೇಲ್ವಿಚಾರಕರು. ಸರಾಸರಿ ಮೇಲೆ ಹೋಯ್ತು."

"ಅಂದ್ರೆ ನನ್ನನ್ನ ಮನೆಗೆ ಕಳ್ಸಿದ್ರಿಂದ ಕೂಲಿ ಏರ್ತು."

"ಹೌದು."

"ನಮ್ಮನ್ನೆಲ್ಲ ಸಮುದ್ರಕ್ಕೆ ತಳ್ಳಿದ್ರೆ ಇನ್ನೂ ಏರತ್ತೆ."

"ಲೆಕ್ಕದ ಪ್ರಕಾರ ಹೌದು," ಎಂದು ಧರ್ಮೇಶ್ ತಟ್ಟೆ ನೋಡಿದ. "ನಂದೂ ಗಂಟೆ ಲೆಕ್ಕದ ಕೆಲಸಾನೇ ಅಕ್ಕ. ಎಣಿಕೆ ಇದ್ದಾಗ ಮಾತ್ರ ಕರೀತಾರೆ," ಎಂದ. ನಾನು ಅವನಿಗೆ ಇನ್ನೊಂದು ಮೀನು ಹಾಕಿದೆ.

ಅತ್ತೆ ಬಿಡಲಿಲ್ಲ. "ಆ ಒಂದು ಗಂಟೆ ದುಡೀಲಿಲ್ಲ ಅಂದ್ರೆ?"

"ಆಗ ನಿರುದ್ಯೋಗಿ. ಆದ್ರೆ ಸುಮ್ನೆ ಕೂತಿದ್ರೆ ಅಲ್ಲ. ಕೆಲಸ ಹುಡುಕಿರ್ಬೇಕು. ಹುಡುಕದೆ ಇದ್ದೋರು ಲೆಕ್ಕದಲ್ಲೇ ಇಲ್ಲ. ಉದ್ಯೋಗಿನೂ ಅಲ್ಲ, ನಿರುದ್ಯೋಗಿನೂ ಅಲ್ಲ."

"ಸತ್ತೋರ ಥರ?"

"ಸತ್ತೋರ ಪಟ್ಟಿ ಬೇರೆ ಅತ್ತೆ."

ಚಕ್ರ ಬದಲಾಯಿಸಿಕೊಂಡು ಧರ್ಮೇಶ್ ಹೋದ. ಅವನು ಮತ್ತೆ ಬರುವುದು ಎರಡು ವಾರ ಬಿಟ್ಟು ಸೋಮವಾರ, ನನ್ನ ಕಾಗದದ ಗಡುವಿನ ದಿನವೇ. ಕೇಳುವುದು ಅದರ ಹಿಂದಿನ ವಾರದ ಬಗ್ಗೆ. ಅತ್ತೆ ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದಳು. ಆಮೇಲೆ ಹೇಳಿದಳು: "ಉನಾಯ್ಸಿ, ಆ ವಾರ ನನ್ನ ಗಂಟಲು ಕಟ್ಟತ್ತೆ ಕಣೇ. ನಿಂಗೂ ಕಟ್ಟಲಿ."

ಮೂವತ್ತೆಂಟು ಗಂಟಲು ಕಟ್ಟಬೇಕಿತ್ತು, ಆಗಲೇ ಹೋಟೆಲಿನವರ ಪಟ್ಟಿ ಸುಳ್ಳಾಗುವುದು. ಮನೆ ಮನೆಗೆ ಹೋದೆವು. ಕೋಣೆಯ ಕೆಲಸ ಸಿಗುವ ಒಂಬತ್ತು ಜನರೇ ಕಷ್ಟ. ಅವರಿಗೆ ಕಳೆದುಕೊಳ್ಳಲು ಏನೋ ಇತ್ತು. ಒಬ್ಬಳು ಬಾಗಿಲು ಹಾಕಿಕೊಂಡಳು. ಅತ್ತೆ ಬಾಗಿಲ ಹೊರಗಿನಿಂದಲೇ, "ಇವತ್ತು ಒಂಬತ್ತು. ನಾಳೆ ಐದು. ಆ ಐದರಲ್ಲಿ ನೀನಿದ್ದೀಯಾ? ನಿನ್ನ ಸೊಂಟ ನೋಡ್ಕೋ," ಎಂದಳು. ಬಾಗಿಲು ತೆರೆಯಿತು. ಆ ವಾರ ಸೋಮವಾರದಿಂದಲೇ ಒಬ್ಬರೂ ವ್ಯಾನ್ ಹತ್ತಲಿಲ್ಲ. ರುಸಿಯಾಟೆ ಖಾಲಿ ವ್ಯಾನಿಗೆ ಹೆಸರು ಕೂಗಿ ವಾಪಸು ಹೋದ. ಲಾಕ್ಲನ್ ಬೇರೆ ಊರಿಂದ ನಾಲ್ಕು ಜನರನ್ನು ತಂದ. ಅವರಿಗೆ ಹಂಸ ಬರಲಿಲ್ಲ. ಹಾಸಿಗೆಗಳ ಮೇಲೆ ಬಾತುಕೋಳಿಗಳು ಕೂತವು ಎಂದು ರುಸಿಯಾಟೆ ಹೇಳಿದ.

ಗುರುವಾರ ಎರಡಕ್ಕೆ ಮಾತ್ರ ನಾವು ಹೋದೆವು. ಸಾಲಾಗಿ ರಸ್ತೆಯ ಬದಿಯಲ್ಲಿ, ಗೇಟಿನ ಹೊರಗೆ ನಿಂತೆವು. ಅದು ಊರಿನ ರಸ್ತೆ. ನಿಲ್ಲಲು ಕೂಲಿ ಬೇಕಿಲ್ಲ.

ಬಸ್ಸಿನಿಂದ ಜನ ಇಳಿದರು. ಫೋನು ಎತ್ತಿ ಹಿಡಿದು ಕಾದರು. ನಾವು ನೋಡುತ್ತ ನಿಂತೆವು. ಲಾಕ್ಲನ್ ಕೈ ಬೀಸಿದ. ನಾವೂ ಕೈ ಬೀಸಿದೆವು. ಅವನು ಬಾಯಿ ತೆರೆದು ತೋರಿಸಿದ. ಅತ್ತೆಯೂ ಬಾಯಿ ತೆರೆದಳು, ನಾಲ್ಕು ಹಲ್ಲು ತೋರಿಸಿ, ಮುಚ್ಚಿದಳು. ಅವಳಿಗೆ ಆಕಳಿಕೆ ಬಂದಿತ್ತು. ಕೊನೆಗೆ ಅವನೇ ಒಳಗಿನಿಂದ ಯುಕುಲೇಲಿ ಎಂಬ ಪುಟ್ಟ ಗಿಟಾರು ತಂದು ನಮ್ಮ ಹಾಡನ್ನು ಹಾಡಿದ. ಪದ ತಪ್ಪು, ರಾಗವೂ ತಪ್ಪು. ಕಾವಲುಗಾರನ ನಾಯಿ ಮಾತ್ರ ಜೊತೆ ಕೊಟ್ಟಿತು. ಬಸ್ಸಿನಿಂದ ಇಳಿದ ಒಬ್ಬ ಮುದುಕಿ ನನ್ನ ಹತ್ತಿರ ಬಂದು, "ಯಾರಾದರೂ ತೀರಿಕೊಂಡರೇ?" ಎಂದು ಕೇಳಿದಳು. "ಇನ್ನೂ ಇಲ್ಲ," ಎಂದೆ.

ಇನ್ನು ಕೆಲಸ ಹುಡುಕುವುದು ಬಾಕಿ. ಶುಕ್ರವಾರ ಹನ್ನೊಂದಕ್ಕೆ ನಾವು ಮೂವತ್ತೆಂಟು ಜನ ರೆಸಾರ್ಟಿನ ಮುಂಬಾಗಿಲಿನಿಂದಲೇ ಒಳಗೆ ಹೋದೆವು. ಹನ್ನೆರಡು ವರ್ಷದಲ್ಲಿ ನಾನು ಆ ಬಾಗಿಲು ಒರೆಸಿದ್ದೆ, ದಾಟಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಸ್ವಾಗತದ ಅಂಗಳದ ನೆಲದ ಮೇಲೆ ಕಾಲು ಮಡಚಿ ಕೂತೆವು. ಹೊಳೆಯುವ ನೆಲ. ನನ್ನ ಮಂಡಿಗೆ ಅದರ ಒಂದೊಂದು ಚೌಕವೂ ಪರಿಚಯ.

ವಸೆಮಾದಾ ಅತ್ತೆಯ ಮನೆತನ ಊರ ಒಡೆಯನ ಪರವಾಗಿ ಮಾತಾಡುವ ಮನೆತನ. ನೂರಾರು ವರ್ಷ ಅವರ ಬಾಯಿಂದಲೇ ಊರು ಕೇಳಿದೆ, ಕೊಟ್ಟಿದೆ. ಆ ಬಾಯಿಯವಳು ಇಪ್ಪತ್ತು ವರ್ಷದಿಂದ ಇಲ್ಲಿ ಕಕ್ಕಸು ತೊಳೆದಿದ್ದಾಳೆ. ಅವಳು ಯಂಗೋನದ ದೊಡ್ಡ ಬೇರನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಹಳೆಯ ಮಾತಿನಲ್ಲಿ ಕೇಳಿದಳು: ನಮ್ಮ ನೆಲದ ಮೇಲೆ ಕೂತ ಒಡೆಯನೇ, ನಿನ್ನ ಬಳಿ ಬಂದಿದ್ದೇವೆ. ನಮ್ಮ ಕೈಗೆ ಕೆಲಸ ಕೊಡು. ದಿನಗಳ ಕೆಲಸ ಕೊಡು. ಮೂವತ್ತೆಂಟು ಕೈಜೋಡಿಗೆ. ಇದು ನಮ್ಮ ಬೇಡಿಕೆ, ಇದು ಅದರ ಬೇರು.

ನಮ್ಮಲ್ಲಿ ಬೇರು ಮುಂದಿಟ್ಟು ಕೇಳಿದರೆ ಕೇಳಿಸಿಕೊಂಡವನು ಎರಡರಲ್ಲಿ ಒಂದು ಮಾಡಬೇಕು. ಆಗದಿದ್ದರೆ ಬೇರನ್ನು ಮುಟ್ಟದೆ ಸೌಮ್ಯವಾಗಿ ಹಿಂತಿರುಗಿಸಬೇಕು. ಮುಟ್ಟಿದರೆ, ತೆಗೆದುಕೊಂಡರೆ, ಒಪ್ಪಿದಂತೆ. ಕುಡಿದು ಮೂರು ಸಲ ಚಪ್ಪಾಳೆ ತಟ್ಟಿದರೆ ಮಾತು ಮುಗಿಯಿತು. ಮಕ್ಕಳಿಗೂ ಇದು ಗೊತ್ತು.

ಲಾಕ್ಲನ್‌ಗೆ ಗೊತ್ತಿರಲಿಲ್ಲ, ಆ ಹಳೆಯ ಮಾತೂ ತಿಳಿಯದು. ಅವನು ಪ್ರತಿ ಬುಧವಾರ ಊಟದ ನಂತರ ತಲೆಗೆ ಹನ್ನೆರಡು ಡಾಲರಿನಂತೆ ಟಿಕೆಟು ಇಟ್ಟು, ಅತಿಥಿಗಳ ಮುಂದೆ ಯಂಗೋನದ ಆಟ ಆಡಿಸುತ್ತಾನೆ. ಒಡೆಯನ ಪಾತ್ರ ಅವನದೇ. ಕೈಯ ಚಲನೆ ಎಲ್ಲ ಕಲಿತಿದ್ದ. ಅಂಗಳದ ತುಂಬ ಅತಿಥಿಗಳು ಫೋನು ಹಿಡಿದು ನಿಂತಿದ್ದರು. ನಿನ್ನೆಯ ತಪ್ಪಿಗೆ ಹೆಂಗಸರು ಕ್ಷಮೆ ಕೇಳಲು ಬಂದಿದ್ದಾರೆ ಎಂದುಕೊಂಡ. ಮುಖ ಅರಳಿತು. ಬಂದು ನಮ್ಮೆದುರು ಕೂತ. ಎರಡೂ ಕೈ ಚಾಚಿ ಬೇರನ್ನು ತೆಗೆದುಕೊಂಡ. ಎದೆಗೆ ಒತ್ತಿಕೊಂಡ. ಯಂಗೋನ ಕಲಸಿದ ಬಟ್ಟಲು ತರಿಸಿದ. ಒಂದು ಸಲ ಚಪ್ಪಾಳೆ ತಟ್ಟಿದ, ಗಟಗಟ ಕುಡಿದ, ಮೂರು ಸಲ ಚಪ್ಪಾಳೆ ತಟ್ಟಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ.

ಅತಿಥಿಗಳು ಕೇಕೆ ಹಾಕಿದರು. ಬಾಗಿಲ ಹತ್ತಿರ ನಿಂತಿದ್ದ ರುಸಿಯಾಟೆ ಹಣೆ ಹಿಡಿದುಕೊಂಡು, "ಅಯ್ಯೋ ಪುಣ್ಯಾತ್ಮ, ಕುಡಿದೇಬಿಟ್ಟ," ಎಂದ.

"ಸೋಮವಾರ ಬರ್ತೀವಿ," ಎಂದಳು ಅತ್ತೆ. "ಬನ್ನಿ, ಬನ್ನಿ!" ಎಂದ ಲಾಕ್ಲನ್. ಹೊಟ್ಟೆಯಿಂದ ಬಂದ ಮಾತು.

ಸಂಜೆಯ ಹೊತ್ತಿಗೆ ಯಾರೋ ಅವನಿಗೆ ಅರ್ಥ ಹೇಳಿದ್ದರು. ಶನಿವಾರ ಮಧ್ಯಾಹ್ನ ವ್ಯಾನ್ ಬಂತು. ರುಸಿಯಾಟೆ ಇಳಿಯಲಿಲ್ಲ, ಕಿಟಕಿಯಿಂದಲೇ ನೆಲ ನೋಡುತ್ತ ಹೇಳಿದ: "ಇವತ್ತು ಒಂದು ಗಂಟೆ ಹಾಡಂತೆ. ಮೂವತ್ತೆಂಟೂ ಜನಕ್ಕೆ. ಎರಡರಷ್ಟು ಕೂಲಿ."

ಶನಿವಾರ ಆ ವಾರದೊಳಗಿನ ದಿನ. ಒಂದು ಗಂಟೆ ಹಾಡಿದರೆ ನಾವು ಮತ್ತೆ ಉದ್ಯೋಗಿಗಳು. ಲಾಕ್ಲನ್‌ಗೆ ನಮ್ಮ ಪದ್ಧತಿ ಗೊತ್ತಿಲ್ಲದಿರಬಹುದು, ಲೆಕ್ಕ ಗೊತ್ತಿತ್ತು.

ಅಪಿಸಾಯ್ ಓಡಿ ಬಂದ. "ವ್ಯಾನ್ ಹತ್ರಮ್ಮ, ಹತ್ತಿ! ಊರ ಮರ್ಯಾದೆ ತೆಗೀಬೇಡಿ. ಗುತ್ತಿಗೆ ದುಡ್ಡು ನಿಂತ್ರೆ ಚರ್ಚಿನ ಸೂರು ಯಾರು ಹಾಕಿಸ್ತಾರೆ? ಉನಾಯ್ಸಿ, ನೀನು ಹತ್ತು. ನೀನು ಹತ್ತಿದ್ರೆ ಎಲ್ಲಾ ಹತ್ತುತ್ತಾರೆ."

ಮನೆಯಲ್ಲಿ ಅಕ್ಕಿ ಮುಗಿದಿತ್ತು. ಲೈಸಾಳ ಚಪ್ಪಲಿಯ ಬಾರು ತಂತಿಯಲ್ಲಿ ಕಟ್ಟಿತ್ತು. ಎರಡರಷ್ಟು ಕೂಲಿ. ನನ್ನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು, ಹೂವು ಇದೆಯೇ ಎಂದು ನೋಡಲು. ಹನ್ನೆರಡು ವರ್ಷದ ಅಭ್ಯಾಸ. ಕೈ ಅಲ್ಲಿರುವುದು ಅರಿವಾದಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ಹೂವನ್ನು ಕಿತ್ತೆ. ವ್ಯಾನಿನ ಕಿಟಕಿಯೊಳಗೆ, ರುಸಿಯಾಟೆಯ ಕಿವಿಗೆ ಸಿಕ್ಕಿಸಿದೆ.

"ಹಾಡೋಕೆ ನೀನೇ ಹೋಗು. ನಾನು ಹತ್ತಲ್ಲ."

"ಅಕ್ಕಾ..."

"ಹತ್ತಲ್ಲ. ಮುಖ್ಯಸ್ಥರೇ, ಮರ್ಯಾದೆ ಅಂದ್ರಲ್ಲ. ನಿಮ್ಮ ಮರ್ಯಾದೆ ಇಷ್ಟು ದಿನ ನಿಂತಿದ್ದು ನನ್ನ ಮಂಡಿ ಮೇಲೆ. ಮಂಡಿ ಸವೆದಿದೆ. ಚರ್ಚಿಗೆ ಸೂರಿಲ್ಲದಿದ್ರೆ ದೇವರು ಒದ್ದೆಯಾಗ್ಲಿ. ನಮ್ಮನೆ ಸೂರೂ ಸೋರತ್ತೆ, ಅವನೇನು ಬಂದು ಹಿಡ್ಕೊಂಡಿಲ್ಲ."

  ರುಸಿಯಾಟೆ ಕಿವಿಯಲ್ಲಿ ಹೂವಿಟ್ಟುಕೊಂಡೇ ವ್ಯಾನ್ ತಿರುಗಿಸಿದ. ಯಾರೂ ಹತ್ತಲಿಲ್ಲ. ರಾತ್ರಿಗೆ ಮರಗೆಣಸು ಇತ್ತು. ಭಾನುವಾರವೂ ಅದೇ.

ಸೋಮವಾರ ಬೆಳಿಗ್ಗೆ ಆರಕ್ಕೇ ಧರ್ಮೇಶ್ ಬಂದ. ಅಷ್ಟು ಬೇಗ ಬರಲು ಅತ್ತೆ ಹೇಳಿ ಕಳಿಸಿದ್ದಳು. ಬೇರು ಇಟ್ಟ. ಅಪಿಸಾಯ್ ಸ್ವೀಕರಿಸಿದ. ಗಂಡಸರು ಮುಂದೆ, ನಾವು ಹಿಂದೆ. ಅಪಿಸಾಯ್ ಗಂಟಲು ಸರಿಮಾಡಿಕೊಂಡು, "ನಮ್ಮೂರಲ್ಲಿ ಎಲ್ಲರೂ..." ಎಂದು ಶುರುಮಾಡಿದ.

ನಾನು ಎದ್ದೆ. ಚಾಪೆಯ ಮೇಲೆ ಹಾಗೆ ಎದ್ದು ನಿಲ್ಲಬಾರದು. ಮಂಡಿಯಲ್ಲಿ ತೆವಳಬೇಕು. ಮಂಡಿಯ ಕೆಲಸ ನಾನು ಸಾಕಷ್ಟು ಮಾಡಿದ್ದೆ. ನಡೆದೇ ಮುಂದೆ ಬಂದು ಧರ್ಮೇಶನ ಎದುರು ಕೂತೆ.

"ನನ್ನನ್ನ ಕೇಳು."

ಅವನು ಹಾಳೆ ತೆಗೆದ. "ಕಳೆದ ವಾರ ಕೂಲಿಗೆ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ರಾ?"

"ಇಲ್ಲ."

"ರಜೆ ಮೇಲೆ ಇದ್ರಾ?"

"ವ್ಯಾನ್ ನನ್ನ ಹೆಸರು ಕೋಣೆಗೆ ಕೂಗಿ ಎರಡು ತಿಂಗಳಾಯ್ತು. ಅದು ರಜೆನಾ?"

"ಅಲ್ಲ," ಎಂದು ಬರೆದ. "ಕೆಲಸ ಹುಡುಕಿದ್ರಾ?"

"ಹುಡುಕಿದೆ."

"ಹೇಗೆ?"

"ಬೇರು ಇಟ್ಟು ಕೇಳಿದೆ. ತಗೊಂಡ. ಕುಡಿದ."

ಧರ್ಮೇಶ್ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. ಅಂಥದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, 'ಇತರೆ' ಎಂಬಲ್ಲಿ ಸಣ್ಣ ಅಕ್ಷರದಲ್ಲಿ ಬರೆದ. "ಈಗ ಕೆಲಸ ಸಿಕ್ರೆ ಮಾಡೋಕೆ ಸಿದ್ಧಾನಾ?"

"ಈಗಿಂದೀಗ್ಲೇ. ಆದ್ರೆ ನೀನು ಬರೆದು ಮುಗಿಸು ಮೊದ್ಲು."

ನನ್ನ ಹಿಂದೆ ವಸೆಮಾದಾ ಅತ್ತೆ ಬಂದು ಕೂತಳು. ಅವಳ ಹಿಂದೆ ಇನ್ನೊಬ್ಬಳು. ಗಂಡಸರು ಚಾಪೆಯ ಅಂಚಿಗೆ ಸರಿದರು. ಇಲ್ಲ, ಇಲ್ಲ, ಇಲ್ಲ ಎಂದು ಮೂವತ್ತೆಂಟು ಸಲ. ಏಳು ಗಂಟೆಯಾಗಿ, ಎಂಟಾಯಿತು. ಹೊರಗೆ ರುಸಿಯಾಟೆಯ ವ್ಯಾನ್ ಕೂಗಿ ಕೂಗಿ ಸುಮ್ಮನಾಯಿತು. ಅಪಿಸಾಯ್ ಇಡೀ ಹೊತ್ತು ತನ್ನ ಖಾಲಿ ಬಟ್ಟಲನ್ನೇ ತಿರುಗಿಸುತ್ತಿದ್ದ. ಕೊನೆಯ ಹೆಂಗಸು ಅವನ ಹೆಂಡತಿ. "ಇಲ್ಲ," ಎಂದಳು ಅವಳೂ, ಅವನನ್ನೇ ನೋಡುತ್ತ.

ಆಮೇಲೆ ನಾವು ಹೊರಟೆವು. ವ್ಯಾನ್ ಹತ್ತಲಿಲ್ಲ. ರಸ್ತೆ ದಾಟಿ ನಡೆದೆವು. ಕೈಯಲ್ಲಿ ಪೊರಕೆ, ಬಕೆಟ್ಟು. ಕಿವಿಯ ಮೇಲೆ ಹೂವಿಲ್ಲ. ಜೇಬಿನಲ್ಲಿ ಸಹಿ ಹಾಕದ ಕಾಗದ ಬೆವರಿಗೆ ತೊಡೆಗೆ ಅಂಟಿತ್ತು. ಸಂಜೆಗೆ ಇನ್ನೂ ಹೊತ್ತಿತ್ತು.

ಗೇಟಿನಲ್ಲಿ ಲಾಕ್ಲನ್ ನಿಂತಿದ್ದ. ಮುಖ ಕೆಂಪಾಗಿತ್ತು. "ಬುಲಾ," ಎಂದ. ಸಣ್ಣ ದನಿ. ಯಾರೂ ತಿರುಗಿ ಹೇಳಲಿಲ್ಲ.

"ನೋಡಿ, ನಾನು ಏನೂ ಒಪ್ಪಿಲ್ಲ," ಎಂದ. "ನಾನು ಕುಡಿದೆ ಅಷ್ಟೇ. ಅದೊಂದು ಪಾನೀಯ."

ಅವನ ಹಿಂದೆ ಉಪಾಹಾರ ಮುಗಿಸಿದ ಅತಿಥಿಗಳು ಸೇರುತ್ತಿದ್ದರು. ಗುರುವಾರದ ಮುದುಕಿಯೂ ಇದ್ದಳು. ಅವಳ ಫೋನಿನಲ್ಲಿ ಶುಕ್ರವಾರದ ಚಿತ್ರ ಓಡುತ್ತಿತ್ತು. ಪಕ್ಕದವನಿಗೆ ತೋರಿಸುತ್ತಿದ್ದಳು. ಅದರಲ್ಲಿ ಲಾಕ್ಲನ್ ಬೇರನ್ನು ಎದೆಗೆ ಒತ್ತಿಕೊಂಡಿದ್ದ.

ಗೇಟಿನ ಕಾವಲುಗಾರ ವಸೆಮಾದಾ ಅತ್ತೆಯ ಮೊಮ್ಮಗ. ಅವನು ಒಮ್ಮೆ ಲಾಕ್ಲನ್‌ನ ಮುಖ ನೋಡಿದ, ಒಮ್ಮೆ ಅಜ್ಜಿಯ ಮುಖ. ಅತ್ತೆ ಬಕೆಟ್ಟು ಕೆಳಗಿಟ್ಟಳು. ಬ್ಲೀಚು ತಿಂದ ಎರಡು ಕೈಗಳನ್ನು ಬಟ್ಟಲಿನಂತೆ ಬಾಗಿಸಿದಳು. ತಟ್ಟಿದಳು. ಒಂದು. ಎರಡು. ಮೂರು. ಹಿಂದಿನಿಂದ ನಾವೆಲ್ಲ ತಟ್ಟಿದೆವು.

ಕಾವಲುಗಾರ ಅಗುಳಿ ಎಳೆದು ಗೇಟು ತೆರೆದ.